ಅರ್ಧ ಜಿಬಿಯಿಂದ ಎರಡು ಜಿಬಿಗೆ: ಒಂದು ಸ್ಟುಡಿಯೋ ಕಂಪ್ಯೂಟರಿನ ಗ್ರಾಫಿಕ್ಸ್ ಮೆಮೊರಿ ಕೆಲಸ

ಮೇ ತಿಂಗಳ ಮೊದಲ ವಾರ, ಮಧ್ಯಾಹ್ನ ಎರಡು ಗಂಟೆ. ಹೊರಗೆ 43 ಡಿಗ್ರಿ ಬಿಸಿಲು. ಅಂಥಾ ಹೊತ್ತಲ್ಲಿ ಆಟೋದಲ್ಲಿ ಸಿಪಿಯುವನ್ನು ತೊಡೆ ಮೇಲೆ ಇಟ್ಟುಕೊಂಡು ಯಾರಾದರೂ ಅಂಗಡಿಗೆ ಬಂದರೆ ಕೆಲಸ ಅರ್ಜೆಂಟ್ ಅಂತಲೇ ಅರ್ಥ. ಬಂದವರು ನಮಗೆ ಹಳೆಯ ಪರಿಚಯದ ಫೋಟೋ ಸ್ಟುಡಿಯೋ ಕಾಕಾ. ನನ್ನ ರಿಪೇರಿ ಅಂಗಡಿ ಇರುವುದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ. ಅವರ ಸ್ಟುಡಿಯೋ ದಾಲ್ ಮಿಲ್‌ಗಳ ಹತ್ತಿರ.

"ತಮ್ಮಾ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡು. ಎಷ್ಟಾಗ್ತದ ಹೇಳು" ಅಂದರು.

"ಕಾರ್ಡ್ ಬೇಕಂತ ಯಾರು ಹೇಳ್ಯಾರ ಕಾಕಾ?"

"ಇದೇ ಹೇಳ್ಲಕತ್ತದಲ್ಲ! ಜಿಪಿಯು ಮೆಮೊರಿ ತುಂಬ್ಯದ ಅಂತ. ಮೂರು ಮದುವಿ ವಿಡಿಯೋ ಬಾಕಿ ಅವ. ಬೀಗರು ದಿನಾ ಫೋನ್ ಮಾಡ್ಲಕತ್ತಾರ."

ಕಾಕಾ ಎಡಿಟಿಂಗ್ ಮಾಡುವುದು ಡಾವಿಂಚಿ ರಿಸಾಲ್ವ್‌ನಲ್ಲಿ. ಅದು ತೋರಿಸುತ್ತಿದ್ದ ಸಂದೇಶದ ತಾತ್ಪರ್ಯ ಇಷ್ಟು: ಜಿಪಿಯು ಮೆಮೊರಿ ತುಂಬಿದೆ, ಟೈಮ್‌ಲೈನ್ ರೆಸಲ್ಯೂಶನ್ ಇಳಿಸಿ ಅಥವಾ ಕರೆಕ್ಟರ್‌ಗಳನ್ನು ಕಡಿಮೆ ಮಾಡಿ. ಜಿಪಿಯು ಅಂದರೆ ಚಿತ್ರದ ಲೆಕ್ಕ ಮಾಡುವ ಗ್ರಾಫಿಕ್ಸ್ ಭಾಗ, ಟೈಮ್‌ಲೈನ್ ಅಂದರೆ ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ, ಕರೆಕ್ಟರ್ ಅಂದರೆ ಬಣ್ಣ ತಿದ್ದುವ ಒಂದೊಂದು ಹಂತ. ಸಾಫ್ಟ್‌ವೇರ್ ನಿಜವನ್ನೇ ಹೇಳುತ್ತಿತ್ತು. ಆದರೆ ಮೆಮೊರಿ ತುಂಬಿದೆ ಅನ್ನುವುದಕ್ಕೂ ಕಾರ್ಡ್ ತಗೊಳ್ಳಿ ಅನ್ನುವುದಕ್ಕೂ ನಡುವೆ ಜಾಸ್ತಿ ದೂರ ಇದೆ. ಒಂದು ಒಳ್ಳೆ ಕಾರ್ಡ್‌ಗೆ ಹೋಗುವ ದುಡ್ಡು ಸಣ್ಣ ಸ್ಟುಡಿಯೋದವರಿಗೆ ಇಡೀ ಸೀಸನ್‌ನ ಉಳಿಕೆ. ಅದಕ್ಕೇ ಮೊದಲು ಇರುವುದನ್ನು ನೋಡೋಣ ಅಂತ ಎರಡು ದಿನ ಕೇಳಿಕೊಂಡೆ. ಕೊನೆಗೆ ನಾಲ್ಕು ದಿನ ಹಿಡಿಯಿತು.

ಮೊದಲ ದಿನ: ಇರುವುದೇನು ಅಂತ ನೋಡಿದ್ದು

ಕಂಪ್ಯೂಟರ್ ಕೆಟ್ಟದ್ದೇನಲ್ಲ. ಎಎಂಡಿ ರೈಜೆನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್. ಹೆಸರಿನ ಕೊನೆಯ 'ಜಿ' ಅಂದರೆ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದೆ ಅಂತ. ಇದರೊಳಗೆ ಇರುವುದು ವೇಗಾ ಗ್ರಾಫಿಕ್ಸ್, ಏಳು ಕಂಪ್ಯೂಟ್ ಯುನಿಟ್. ಎರಡು ರ್‍ಯಾಮ್ ಸ್ಲಾಟ್ ಇರುವ ಚಿಕ್ಕ ಮದರ್‌ಬೋರ್ಡ್, ಒಂದು ಎಸ್‌ಎಸ್‌ಡಿ, ವಿಂಡೋಸ್ 11.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋದೆ. ಯಾರಾದರೂ ಗ್ರಾಫಿಕ್ಸ್ ಮೆಮೊರಿ ಬಗ್ಗೆ ಕೇಳಿದರೆ ನಾನು ಮೊದಲು ನೋಡುವುದು ಇಲ್ಲೇ. ಜಿಪಿಯು ಅಂತ ಇರುವಲ್ಲಿ ಕ್ಲಿಕ್ ಮಾಡಿದರೆ ಕೆಳಗೆ ಎರಡು ಅಂಕಿ ಕಾಣುತ್ತವೆ. ಡೆಡಿಕೇಟೆಡ್ ಜಿಪಿಯು ಮೆಮೊರಿ 0.5 ಜಿಬಿ. ಶೇರ್ಡ್ ಜಿಪಿಯು ಮೆಮೊರಿ 3.7 ಜಿಬಿ. ಆಮೇಲೆ ಮೆಮೊರಿ ಪುಟ: 8 ಜಿಬಿ, ಅದರಲ್ಲಿ ವಿಂಡೋಸ್ ಕೈಗೆ ಸಿಗುವುದು 7.4. ವೇಗ 2666. ಸ್ಲಾಟ್ ಬಳಕೆ: ಎರಡರಲ್ಲಿ ಒಂದು.

ಈ ಕೊನೆಯ ಸಾಲು ನೋಡಿ ನನಗೆ ಬೇಸರವಾಯಿತು. ಇಂಥಾ ಪ್ರೊಸೆಸರ್‌ಗೆ ಒಂದೇ ಸ್ಟಿಕ್ ರ್‍ಯಾಮ್ ಹಾಕಿ ಮಾರುವುದು ಸರಿಯಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕಾಕಾಗೆ ಮೆಮೊರಿಯ ಲೆಕ್ಕ ಹೇಳಬೇಕಿತ್ತು. ಬೇರೆ ಕಾರ್ಡ್ ಇದ್ದರೆ ಅದರ ಮೇಲೆ ಅದರದ್ದೇ ಮೆಮೊರಿ ಬೆಸುಗೆ ಹಾಕಿರುತ್ತದೆ. ಇಲ್ಲಿ ಹಾಗಿಲ್ಲ. ಗ್ರಾಫಿಕ್ಸ್ ಕೂಡ ಅದೇ ರ್‍ಯಾಮ್‌ನಿಂದಲೇ ಉಣ್ಣಬೇಕು.

"ಕಾಕಾ, ಮನ್ಯಾಗ ಎಂಟು ಚೀಲ ಜೋಳ ಅದಾವ ಅಂತ ತಿಳ್ಕೊರಿ. ಅದರಾಗ ಅರ್ಧ ಚೀಲ ಬ್ಯಾರೆ ಕಟ್ಟಿ ಇಟ್ಟದ, ಗ್ರಾಫಿಕ್ಸ್‌ಗೆ ಅಂತ. ಅದು ತೀರಿದ್ರ ಉಳಿದ ಏಳೂವರಿ ಚೀಲದಾಗ ಅರ್ಧದ ತನಕ ಕೇಳಿ ಇಸ್ಕೋಬಹುದು. ಆದ್ರ ಅದೇ ಹೊತ್ತಿಗೆ ಮನಿ ಮಂದೀನೂ ಉಣ್ಣಬೇಕಲ್ಲ?"

ಡೆಡಿಕೇಟೆಡ್ ಅಂದರೆ ಆ ಕಟ್ಟಿಟ್ಟ ಅರ್ಧ ಚೀಲ. ಶೇರ್ಡ್ ಅಂದರೆ ಕೇಳಿ ಇಸ್ಕೊಳ್ಳುವುದು. ವಿಂಡೋಸ್ ತನ್ನ ಕೈಯಲ್ಲಿರುವ ರ್‍ಯಾಮ್‌ನ ಅರ್ಧದಷ್ಟನ್ನು ಶೇರ್ಡ್ ಮಿತಿ ಅಂತ ತೋರಿಸುತ್ತದೆ. 7.4 ರಲ್ಲಿ ಅರ್ಧ 3.7, ಅಷ್ಟೇ ಲೆಕ್ಕ. ಅದೇನು ಬೇರೆ ಕಡೆಯಿಂದ ಬಂದ ಮೆಮೊರಿ ಅಲ್ಲ.

ಕಾಕಾನ ಮಗ ಆಗಲೇ ಒಂದು ಪ್ರಯತ್ನ ಮಾಡಿದ್ದ. ಯಾವುದೋ ವಿಡಿಯೋ ನೋಡಿ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಇಂಟೆಲ್ ಹೆಸರಿನ ಕೆಳಗೆ ಜಿಎಂಎಂ ಅಂತ ಒಂದು ಕೀ ಮಾಡಿ, ಡೆಡಿಕೇಟೆಡ್ ಸೆಗ್ಮೆಂಟ್ ಸೈಜ್ ಅಂತ ಒಂದು ಅಂಕಿ ಹಾಕಿದ್ದ. ಈ ಉಪಾಯ ಎಲ್ಲಾ ಕಡೆ ಓಡಾಡುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅದು ಇಂಟೆಲ್ ಗ್ರಾಫಿಕ್ಸ್‌ಗೆ ಸೇರಿದ್ದು. ಎಎಂಡಿಗೆ ಅದಕ್ಕೆ ಅರ್ಥವೇ ಇಲ್ಲ. ಇಂಟೆಲ್‌ನಲ್ಲೂ ಅದು ಮೆಮೊರಿ ಹೆಚ್ಚಿಸುವುದಿಲ್ಲ. ಶುರುವಾಗುವಾಗ ಇಷ್ಟು ಮೆಮೊರಿ ಇದೆಯಾ ಅಂತ ಕೇಳುವ ಗೇಮ್‌ಗಳಿಗೆ ಇದೆ ಅಂತ ಒಂದು ಅಂಕಿ ತೋರಿಸುತ್ತದೆ, ಅಷ್ಟೇ. ಚೀಲದ ಮೇಲೆ ದೊಡ್ಡ ಅಂಕಿ ಬರೆದರೆ ಒಳಗೆ ಜೋಳ ಜಾಸ್ತಿ ಆಗುವುದಿಲ್ಲ ಅಲ್ವಾ. ಆ ಕೀ ಅಳಿಸಿದೆ. ಹುಡುಗನಿಗೂ ತೋರಿಸಿಯೇ ಅಳಿಸಿದೆ.

ಪರೀಕ್ಷೆಗೆ ಒಂದು ಕ್ಲಿಪ್ ಬೇಕಿತ್ತು. ಕಾಕಾನ ಡಿಸ್ಕ್‌ನಲ್ಲಿ ಶರಣಬಸವೇಶ್ವರ ಜಾತ್ರೆಯ ತೇರಿನ ವಿಡಿಯೋ ಇತ್ತು, 4ಕೆ. ಅದರಿಂದ ಎರಡು ನಿಮಿಷ ಕತ್ತರಿಸಿಕೊಂಡೆ. ಸಾವಿರಾರು ತಲೆಗಳು, ಧೂಳು, ಗಾಳಿಯಲ್ಲಿ ತೇರಿನ ಕಡೆ ಹಾರುವ ಉತ್ತತ್ತಿ, ಬಾಳೆಹಣ್ಣು. ಪ್ರತಿ ಫ್ರೇಮ್‌ನಲ್ಲೂ ಎಲ್ಲವೂ ಅಲುಗಾಡುತ್ತದೆ. ಇದಕ್ಕಿಂತ ಒಳ್ಳೆ ಪರೀಕ್ಷೆ ಸಿಗುವುದಿಲ್ಲ. ಅದಕ್ಕೆ ಬಣ್ಣದ ಎರಡು ನೋಡ್ (ಅದೇ ಕರೆಕ್ಟರ್), ಒಂದು ಬ್ಲರ್, ಒಂದು ಟೈಟಲ್ ಹಾಕಿ 4ಕೆ ಟೈಮ್‌ಲೈನ್‌ನಲ್ಲಿ ಇಟ್ಟೆ. ಮೂವತ್ತನೇ ಸೆಕೆಂಡಿಗೆ ಅದೇ ಸಂದೇಶ ಬಂತು. ಕಾಯಿಲೆ ಕಣ್ಣಿಗೆ ಕಂಡಿತು, ಅದೇ ದೊಡ್ಡ ಸಮಾಧಾನ.

ಬಯೋಸ್‌ನಲ್ಲಿ

ಬಯೋಸ್ ಅಂದರೆ ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್‌ನ ಸೆಟ್ಟಿಂಗ್ ಇರುವ ಸಾಫ್ಟ್‌ವೇರ್. ಅದಕ್ಕೆ ಹೋಗಲು ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿದೆ. ಅಲ್ಲಿ ಟ್ರಬಲ್‌ಶೂಟ್ ಒಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಅಂತ ಸಿಗುತ್ತದೆ. ಬೋರ್ಡ್ ಶುರುವಾಗುವಾಗ ಡಿಲೀಟ್ ಕೀ ಕುಟ್ಟುವುದಕ್ಕಿಂತ ಇದು ಖಾತ್ರಿ. ಇದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ವಿಂಡೋಸ್ 11 ರಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದೆಯಾ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಕೆಲವು ಬದಲಾವಣೆ ಮಾಡಿದಾಗ ವಿಂಡೋಸ್ ಆ ಕೀ ಕೇಳುತ್ತದೆ. ಆಗ ಕೀ ಇಲ್ಲದಿದ್ದರೆ ಮೂರು ಮದುವೆಯ ವಿಡಿಯೋ ಒಳಗೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಪ್ರತಿ ಪುಟದ್ದೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡೆ. ಮೊದಲು ಹೇಗಿತ್ತು ಅಂತ ಆಮೇಲೆ ನೆನಪಿರುವುದಿಲ್ಲ.

ಬಯೋಸ್‌ನ ಗಡಿಯಾರ ಸುಮಾರು ಹಿಂದೆ ಬಿದ್ದಿತ್ತು. ಸರಿಮಾಡಿ ಮುಂದೆ ಹೋದೆ.

ನಮಗೆ ಬೇಕಾದ ಸೆಟ್ಟಿಂಗ್‌ನ ಹೆಸರು ಯುಎಂಎ ಫ್ರೇಮ್ ಬಫರ್ ಸೈಜ್. ಗ್ರಾಫಿಕ್ಸ್‌ಗೆ ಎಷ್ಟು ಕಟ್ಟಿಡಬೇಕು ಅಂತ ಹೇಳುವುದು ಇದೇ. ಒಂದೊಂದು ಕಂಪನಿ ಬೋರ್ಡ್‌ನಲ್ಲಿ ಒಂದೊಂದು ಮೂಲೆಯಲ್ಲಿ ಇಟ್ಟಿರುತ್ತಾರೆ. ಕೆಲವದರಲ್ಲಿ ಅಡ್ವಾನ್ಸ್ಡ್ ಒಳಗೆ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಅಂತ ನೇರ ಸಿಗುತ್ತದೆ. ಇದರಲ್ಲಿ ಆಳಕ್ಕೆ ಇಳಿಯಬೇಕಾಯಿತು: ಎಎಂಡಿ ಸಿಬಿಎಸ್, ಅದರೊಳಗೆ ಎನ್‌ಬಿಐಒ ಕಾಮನ್ ಆಪ್ಷನ್ಸ್, ಅದರೊಳಗೆ ಜಿಎಫ್‌ಎಕ್ಸ್ ಕಾನ್ಫಿಗರೇಶನ್. ಅಲ್ಲಿ ಮೊದಲು ಆಟೋ ಇದ್ದದ್ದನ್ನು ಯುಎಂಎ ಸ್ಪೆಸಿಫೈಡ್ ಮಾಡಿದ ಮೇಲೆಯೇ ಕೆಳಗೆ ಸೈಜ್ ಸಾಲು ಕಾಣಿಸಿಕೊಂಡಿತು. ತುಂಬಾ ಜನ ಇಲ್ಲೇ ಸೋತು, ನಮ್ಮ ಬೋರ್ಡ್‌ನಲ್ಲಿ ಆ ಸೆಟ್ಟಿಂಗೇ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಇಂಟೆಲ್ ಬೋರ್ಡ್ ಆದರೆ ಇದೇ ಕೆಲಸದ ಸೆಟ್ಟಿಂಗ್ ಹೆಸರು ಡಿವಿಎಂಟಿ ಪ್ರೀ-ಅಲೊಕೇಟೆಡ್. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಕಾಣುವುದಿಲ್ಲ. ತಯಾರಕರು ಮುಚ್ಚಿರುತ್ತಾರೆ.

2 ಜಿಬಿ ಆರಿಸಿದೆ. ಎಫ್10 ಒತ್ತಿ ಉಳಿಸಿ ಬೂಟ್ ಮಾಡಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡೆಡಿಕೇಟೆಡ್ 2.0 ಆಗಿತ್ತು. ಮೆಮೊರಿ ಪುಟದಲ್ಲಿ ಹಾರ್ಡ್‌ವೇರ್ ರಿಸರ್ವ್ಡ್ 2.1 ಜಿಬಿ, ವಿಂಡೋಸ್‌ಗೆ ಉಳಿದದ್ದು 5.9. ತೇರಿನ ಕ್ಲಿಪ್ ಓಡಿಸಿದೆ. ಸಂದೇಶ ಬರಲಿಲ್ಲ. ಆದರೆ ಒಂದು ನಿಮಿಷದ ಹೊತ್ತಿಗೆ ಮೌಸ್ ಕೂಡ ಅಲುಗಾಡದಂತೆ ಹ್ಯಾಂಗ್ ಆಯಿತು. ಮೆಮೊರಿ ಗ್ರಾಫ್ ಮೇಲಕ್ಕೆ ಹೋಗಿ ಮುಟ್ಟಿ ನಿಂತಿತ್ತು, ಎಸ್‌ಎಸ್‌ಡಿ ನೂರಕ್ಕೆ ನೂರು ಓಡುತ್ತಿತ್ತು. ರ್‍ಯಾಮ್ ಸಾಲದೆ ವಿಂಡೋಸ್ ಡಿಸ್ಕ್‌ನ ಪೇಜ್ ಫೈಲ್‌ಗೆ ಬರೆಯುತ್ತಿತ್ತು. ಮೊದಲು ಗ್ರಾಫಿಕ್ಸ್ ಹಸಿದಿತ್ತು. ಈಗ ಗ್ರಾಫಿಕ್ಸ್‌ಗೆ ಹೊಟ್ಟೆ ತುಂಬಿತು, ಮನೆ ಮಂದಿ ಉಪವಾಸ ಬಿದ್ದರು.

ಖಾತ್ರಿಗೆ ಅಂತ 4 ಜಿಬಿ ಕೂಡ ಇಟ್ಟು ನೋಡಿದೆ. ವಿಂಡೋಸ್‌ಗೆ 3.9 ಉಳಿಯಿತು. ರಿಸಾಲ್ವ್ ತೆರೆಯುವುದೇ ಕಷ್ಟವಾಯಿತು. 8 ಜಿಬಿ ಕಂಪ್ಯೂಟರ್‌ನಲ್ಲಿ ದೊಡ್ಡ ಅಂಕಿ ಇಡಬೇಡಿ ಅನ್ನುವುದು ಇದಕ್ಕೇ.

ಕಾಕಾಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇನ್ನೂ ಎಂಟು ಚೀಲ ತರೂಣು?" ಅಂದರು. ನಾನು ಹೇಳಬೇಕೆಂದಿದ್ದ ಮಾತನ್ನು ಅವರೇ ಹೇಳಿದ್ದರು.

ಎರಡನೇ ದಿನ: ಎರಡನೇ ಸ್ಟಿಕ್

ಇಲ್ಲಿ ಒಂದು ಲೆಕ್ಕ ಇದೆ, ನನಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಅನಿಸುವುದು ಇದೇ. ಡಿಡಿಆರ್4 ರ್‍ಯಾಮ್‌ನ ಒಂದು ಚಾನೆಲ್ ಒಮ್ಮೆಗೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. 2666 ವೇಗದಲ್ಲಿ ಒಂದು ಸ್ಟಿಕ್ ಇದ್ದರೆ 2666 ಗುಣಿಸು 8, ಸೆಕೆಂಡಿಗೆ ಸುಮಾರು 21.3 ಜಿಬಿ. ಅದೇ 3200 ಕ್ಕೆ ಏರಿಸಿದರೆ 25.6. ಎರಡು ಸ್ಟಿಕ್ ಎರಡು ಚಾನೆಲ್‌ನಲ್ಲಿ ಕೂತರೆ 51.2. ಮೊದಲಿನದಕ್ಕಿಂತ ಎರಡು ಪಟ್ಟಿಗೂ ಮೇಲೆ. ಬೇರೆ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಇಬ್ಬರೂ ಇದೇ ದಾರಿಯಲ್ಲಿ ಓಡಾಡಬೇಕು. ದಾರಿ ಅಗಲ ಮಾಡದೆ ಚೀಲ ದೊಡ್ಡದು ಮಾಡಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಒಂದೇ ಸ್ಟಿಕ್ ನೋಡಿ ಬೇಸರವಾಯಿತು ಅಂದದ್ದು ಈ ಕಾರಣಕ್ಕೆ.

ಹಳೆಯ ಸ್ಟಿಕ್ ಮೇಲಿನ ಚೀಟಿಯಲ್ಲಿ 3200 ಅಂತಲೇ ಇತ್ತು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಚೀಟಿಯಲ್ಲಿರುವ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದೆ ಬಿಟ್ಟಿದ್ದರಿಂದ 2666 ರಲ್ಲಿ ಓಡುತ್ತಿತ್ತು. ದುಡ್ಡು ಕೊಟ್ಟು ತಂದ ವೇಗವನ್ನು ಇಷ್ಟು ದಿನ ಯಾರೂ ಬಳಸಿರಲಿಲ್ಲ.

ಅದೇ ಕಂಪನಿಯ ಅದೇ ಮಾಡೆಲ್ ಪಕ್ಕದ ಅಂಗಡಿಯಲ್ಲೇ ಸಿಕ್ಕಿತು. 8 ಜಿಬಿ, 3200. ಎರಡನೇ ಸ್ಲಾಟ್‌ಗೆ ಕೂರಿಸಿ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ಮಾನಿಟರ್ ಕಪ್ಪು. ಎರಡು ನಿಮಿಷ ಕಾದೆ. ಹೊಸ ರ್‍ಯಾಮ್ ಹಾಕಿದಾಗ ಬೋರ್ಡ್ ಮೊದಲ ಸಲ ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ, ಅದಕ್ಕೇ ತಕ್ಷಣ ಗಾಬರಿ ಆಗಬಾರದು. ಆದರೂ ಏನೂ ಬರಲಿಲ್ಲ.

ಹೊಸದನ್ನು ತೆಗೆದು ಹಳೆಯದನ್ನು ಮೊದಲಿನ ಸ್ಲಾಟ್‌ನಲ್ಲಿ ಇಟ್ಟೆ, ಬಂತು. ಹೊಸದನ್ನು ಒಂದೇ ಅದೇ ಸ್ಲಾಟ್‌ನಲ್ಲಿ ಇಟ್ಟೆ, ಬಂತು. ಹಾಗಾದರೆ ಎರಡು ಸ್ಟಿಕ್ಕೂ ಚೆನ್ನಾಗಿವೆ. ಹಳೆಯದನ್ನು ಎರಡನೇ ಸ್ಲಾಟ್‌ನಲ್ಲಿ ಇಟ್ಟೆ, ಕಪ್ಪು. ತೊಂದರೆ ಇರುವುದು ಸ್ಲಾಟ್‌ನಲ್ಲಿ.

ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿದೆ. ಇಷ್ಟು ವರ್ಷ ಖಾಲಿ ಬಾಯಿ ತೆರೆದುಕೊಂಡಿದ್ದ ಸ್ಲಾಟ್. ತಳದಲ್ಲಿ ಹಳದಿ ಬಣ್ಣದ ನುಣುಪು ಪುಡಿ ಕೂತಿತ್ತು. ಬೆರಳಿಗೆ ಹಚ್ಚಿ ನೋಡಿದರೆ ತೊಗರಿ ಹೊಟ್ಟಿನ ಪುಡಿ. ದಾಲ್ ಮಿಲ್ ಪಕ್ಕದ ಸ್ಟುಡಿಯೋ ಅಂದೆನಲ್ಲ. ಕಾಕಾ ಸಿಪಿಯುವನ್ನು ಟೇಬಲ್ ಕೆಳಗೆ ನೆಲದ ಮೇಲೇ ಇಟ್ಟಿದ್ದರು, ಗಾಳಿಯ ಜೊತೆ ಎಲ್ಲಾ ಒಳಗೆ ಹೋಗಿತ್ತು. ಬಾಯಿಂದ ಊದಬಾರದು, ಉಗುಳಿನ ಹನಿ ಬೀಳುತ್ತದೆ. ಒಣ ಮೆತ್ತನೆ ಬ್ರಷ್‌ನಿಂದ ಸ್ಲಾಟ್ ಉದ್ದಕ್ಕೆ ಎಳೆದು ಪುಡಿ ಸಡಿಲ ಮಾಡಿ, ಬ್ಲೋವರ್ ಸಣ್ಣ ಗಾಳಿಯಲ್ಲಿ ಓರೆಯಾಗಿ ಹಿಡಿದು ತೆಗೆದೆ. ಬ್ಲೋವರ್ ಹಿಡಿಯುವಾಗ ಸಿಪಿಯು ಫ್ಯಾನ್ ತಿರುಗದಂತೆ ಬೆರಳು ಅಡ್ಡ ಇಡಬೇಕು. ಸ್ಟಿಕ್‌ನ ಬಂಗಾರ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಒರೆಸಿದೆ. ಎರಡೂ ತುದಿಯಲ್ಲಿ ಟಕ್ ಟಕ್ ಅಂತ ಸದ್ದು ಬರುವ ತನಕ ಒತ್ತಿದೆ.

ಸ್ವಿಚ್ ಹಾಕಿದೆ. ಒಮ್ಮೆ ತಾನೇ ಆಫ್ ಆಗಿ ಆನ್ ಆಯಿತು. ಪರದೆ ಬಂತು. 16 ಜಿಬಿ, ಡ್ಯುಯಲ್ ಚಾನೆಲ್ ಅಂತ ಬಯೋಸ್ ತೋರಿಸಿತು. ಎಕ್ಸ್‌ಎಂಪಿ ಆನ್ ಮಾಡಿದೆ, 3200 ಆಯಿತು. ಈ ಪ್ರೊಸೆಸರ್‌ಗೆ ಡಿಡಿಆರ್4 3200 ತನಕ ತಯಾರಕರದ್ದೇ ಒಪ್ಪಿಗೆ ಇದೆ, ಅದಕ್ಕೆ ಹೆದರಿಕೆ ಇಲ್ಲ.

ಆದರೂ ಮದುವೆ ವಿಡಿಯೋ ಕೆಲಸ. ರ್‍ಯಾಮ್‌ನಲ್ಲಿ ಸಣ್ಣ ತಪ್ಪಿದ್ದರೂ ಎಂಟು ಗಂಟೆ ರೆಂಡರ್ ಆದ ಮೇಲೆ ಕೈಕೊಡುತ್ತದೆ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಹಚ್ಚಿ, ಯುಪಿಎಸ್‌ಗೆ ಕೊಟ್ಟು ರಾತ್ರಿ ಬಿಟ್ಟು ಹೋದೆ. ಪುಕ್ಕಟೆ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡುತ್ತದೆ. ಬೆಳಗ್ಗೆ ಬಂದಾಗ ನಾಲ್ಕೂ ಮುಗಿದು ತಪ್ಪು ಸೊನ್ನೆ.

ಮೂರನೇ ದಿನ: 2 ಇಡಬೇಕೋ 4 ಇಡಬೇಕೋ

ಈಗ 16 ಜಿಬಿ ಇದೆ. ಮತ್ತೆ ಯುಎಂಎ ಸೆಟ್ಟಿಂಗ್‌ಗೆ ಬಂದೆ. 2 ಜಿಬಿ ಇಟ್ಟರೆ ವಿಂಡೋಸ್‌ಗೆ 13.9, ಶೇರ್ಡ್ 6.9. ತೇರಿನ ಕ್ಲಿಪ್ ಕೊನೆಯ ತನಕ ಓಡಿತು. 4 ಜಿಬಿ ಇಟ್ಟರೆ ವಿಂಡೋಸ್‌ಗೆ 11.9. ಆಗಲೂ ಓಡಿತು. ರೆಂಡರ್ ಸಮಯ ಗಡಿಯಾರ ಹಿಡಿದು ನೋಡಿದೆ, ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಇದರಲ್ಲಿ ಆಶ್ಚರ್ಯ ಇಲ್ಲ. ಕಟ್ಟಿಟ್ಟ ಚೀಲವೂ ಅದೇ ಜೋಳ, ಕೇಳಿ ಇಸ್ಕೊಂಡದ್ದೂ ಅದೇ ಜೋಳ. ಬೇರೆ ಕಾರ್ಡ್ ಇದ್ದಾಗ ಅದರ ಸ್ವಂತ ಮೆಮೊರಿ ಮುಗಿದು ರ್‍ಯಾಮ್‌ಗೆ ಬಂದರೆ ವೇಗ ಥಟ್ಟನೆ ಬೀಳುತ್ತದೆ. ಇಲ್ಲಿ ಎರಡೂ ಒಂದೇ ಸ್ಟಿಕ್‌ಗಳಲ್ಲಿವೆ. ಡೆಡಿಕೇಟೆಡ್ ಅಂಕಿ ದೊಡ್ಡದಾಗಿರುವುದು ಮುಖ್ಯವಾಗಿ ಆ ಅಂಕಿಯನ್ನೇ ನೋಡಿ ತೀರ್ಮಾನ ಮಾಡುವ ಸಾಫ್ಟ್‌ವೇರ್‌ಗಳಿಗೆ ಬೇಕು.

ಅದಕ್ಕೇ 2 ಜಿಬಿಯಲ್ಲಿ ನಿಲ್ಲಿಸಿದೆ. ಕಟ್ಟಿಟ್ಟದ್ದನ್ನು ವಿಂಡೋಸ್ ವಾಪಸ್ ಕೇಳುವಂತಿಲ್ಲ. ಗ್ರಾಫಿಕ್ಸ್ ಕೆಲಸ ಇಲ್ಲದಾಗಲೂ ಅದು ಸುಮ್ನೆ ಬಿದ್ದಿರುತ್ತದೆ. ಆಲ್ಬಮ್ ಡಿಸೈನ್ ಮಾಡುವಾಗ ಕಾಕಾ ಫೋಟೋಶಾಪ್‌ನಲ್ಲಿ ಮೂವತ್ತು ನಲವತ್ತು ಪುಟ ತೆರೆದಿಡುತ್ತಾರೆ, ಅಲ್ಲಿ ಬೇಕಾಗುವುದು ಸಾದಾ ರ್‍ಯಾಮ್. 

ಇನ್ನು ರಿಸಾಲ್ವ್ ಒಳಗಿನ ಕೆಲಸ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ಕೆಲಸ. ಒಂದು 4ಕೆ ಫ್ರೇಮ್ ಅಂದರೆ 3840 ಗುಣಿಸು 2160, ಸುಮಾರು 83 ಲಕ್ಷ ಚುಕ್ಕಿ. ಬಣ್ಣದ ಲೆಕ್ಕ ಮಾಡುವಾಗ ಪ್ರತಿ ಚುಕ್ಕಿಯ ಪ್ರತಿ ಬಣ್ಣಕ್ಕೂ 32 ಬಿಟ್, ಅಂದರೆ 4 ಬೈಟ್ ಹಿಡಿಯಿರಿ. ನಾಲ್ಕು ಚಾನೆಲ್ ಸೇರಿ ಚುಕ್ಕಿಗೆ 16 ಬೈಟ್. ಒಂದೇ ಫ್ರೇಮ್‌ಗೆ ಸುಮಾರು 133 ಎಂಬಿ! ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಇಂಥಾ ಕೆಲವು ಪ್ರತಿಗಳು ಒಟ್ಟಿಗೆ ಮೆಮೊರಿಯಲ್ಲಿ ಇರಬೇಕು. ಅರ್ಧ ಜಿಬಿಯಲ್ಲಿ ಇಂಥಾ ನಾಲ್ಕು ಫ್ರೇಮ್‌ಗೇ ಹೆಚ್ಚುಕಡಿಮೆ ಜಾಗ ಮುಗಿಯುತ್ತದೆ. ಅದೇ 1080 ಫ್ರೇಮ್ ಆದರೆ 33 ಎಂಬಿ, ನಾಲ್ಕನೇ ಒಂದು ಭಾಗ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಕಾಕಾನ ಮಗನಿಗೆ ತೋರಿಸಿದೆ. ಹುಡುಗ ತಟ್ಟನೆ ಕೇಳಿದ: "ಅಣ್ಣಾ, ಹಂಗಿದ್ರ ನಾವು ಎಡಿಟ್ ಮಾಡೂದು 1080ದಾಗೇ ಮಾಡಬಹುದಲ್ಲ? ಮಂದಿ ನೋಡೂದು ಮೊಬೈಲ್‌ದಾಗ, ಟಿವಿದಾಗ." ಅವನ ಮಾತು ಪೂರ್ತಿ ಸರಿ. ಟೈಮ್‌ಲೈನ್ 1920 ಗುಣಿಸು 1080 ಇಟ್ಟೆವು. ಯಾರಾದರೂ 4ಕೆ ಬೇಕು ಅಂದರೆ ಎಡಿಟ್ ಮುಗಿದ ಮೇಲೆ ಟೈಮ್‌ಲೈನ್ ಬದಲಿಸಿ ರಾತ್ರಿ ರೆಂಡರ್‌ಗೆ ಬಿಡಬಹುದು. ಪ್ಲೇಬ್ಯಾಕ್ ಮೆನುವಿನಲ್ಲಿ ರೆಸಲ್ಯೂಶನ್ ಹಾಫ್ ಮಾಡಿದೆವು. ಪ್ರಿಫರೆನ್ಸಸ್‌ನ ಮೆಮೊರಿ ಮತ್ತು ಜಿಪಿಯು ಪುಟದಲ್ಲಿ ರಿಸಾಲ್ವ್ ಎಷ್ಟು ರ್‍ಯಾಮ್ ತಗೊಳ್ಳಬಹುದು ಅನ್ನುವ ಮಿತಿಯನ್ನು 8 ಜಿಬಿ ಮಾಡಿದೆವು, ವಿಂಡೋಸ್‌ಗೂ ಶೇರ್ಡ್ ಗ್ರಾಫಿಕ್ಸ್‌ಗೂ ಉಸಿರಾಡಲು ಜಾಗ ಇರಲಿ ಅಂತ.

ತೇರಿನ ಎರಡು ನಿಮಿಷ ರೆಂಡರ್ ಮಾಡಿದೆವು. ಒಂದೇ ಸ್ಟಿಕ್ ಇದ್ದಾಗ 1080ರಲ್ಲಿ ಒಂಬತ್ತು ನಿಮಿಷ ಹಿಡಿದಿತ್ತು. ಈಗ ಐದೂವರೆ.

ಬಿಸಿ

ಇದನ್ನು ನಾನು ಯೋಜನೆಯಲ್ಲಿ ಹಾಕಿಕೊಂಡಿರಲಿಲ್ಲ. ರೆಂಡರ್ ಆಗುವಾಗ ಪ್ರೊಸೆಸರ್ ಬಿಸಿ 94 ಡಿಗ್ರಿಗೆ ಹೋಗಿದ್ದು ಕಂಡಿತು. ಈ ಪ್ರೊಸೆಸರ್‌ನ ಮಿತಿ 95. ಅಲ್ಲಿ ತಲುಪಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕೂಡ ಅದೇ ಚಿಪ್ ಒಳಗಿದೆ, ಅದೂ ನಿಧಾನ ಆಗುತ್ತದೆ. ನಮ್ಮ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ ಹಳೇ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಮೇಲಿನ ಕೂಲರ್‌ಗೆ ದಾಟಿಸುವ ಲೇಪ), ಹೊಟ್ಟು ತುಂಬಿದ ಫ್ಯಾನ್ ಇಟ್ಟುಕೊಂಡು ನಡೆಯುವುದಿಲ್ಲ.

ಕೂಲರ್ ಬಿಚ್ಚುವ ಮುಂಚೆ ಒಂದು ಎಚ್ಚರಿಕೆ. ಎಎಂ4 ಸಾಕೆಟ್‌ನ ಪ್ರೊಸೆಸರ್‌ಗೆ ಕೆಳಗೆ 1331 ಪಿನ್ ಇವೆ, ಕೂದಲಿನಷ್ಟು ಸಣ್ಣವು. ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿದ್ದರೆ, ಕೂಲರ್ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ. ಸಾಕೆಟ್‌ನ ಲೀವರ್ ಹಾಕಿದ್ದರೂ ತಡೆಯುವುದಿಲ್ಲ. ಪಿನ್ ಬಾಗಿದರೆ ಅಥವಾ ಮುರಿದರೆ ಪ್ರೊಸೆಸರ್ ಹೋಗಬಹುದು. ನಾನು ಮಾಡುವುದು ಹೀಗೆ. ಮೊದಲು ಹತ್ತು ನಿಮಿಷ ರೆಂಡರ್ ಹಚ್ಚಿ ಪೇಸ್ಟ್ ಬೆಚ್ಚಗೆ ಮಾಡುತ್ತೇನೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತೇನೆ. ಮೇಲಕ್ಕೆ ಎಳೆಯುವುದಿಲ್ಲ. ಭರಣಿಯ ಮುಚ್ಚಳ ತಿರುಗಿಸಿದ ಹಾಗೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತೇನೆ. ಒಂದು ಹಂತದಲ್ಲಿ ಕೈಗೆ ಹಿಡಿತ ಬಿಟ್ಟದ್ದು ಗೊತ್ತಾಗುತ್ತದೆ. ಆಗ ಎತ್ತಬೇಕು. ಈ ಸಲ ತಿರುಗಿಸಲು ಮೂರು ನಿಮಿಷ ಹಿಡಿಯಿತು, ಪ್ರೊಸೆಸರ್ ತನ್ನ ಜಾಗದಲ್ಲೇ ಉಳಿಯಿತು.

ಹಳೇ ಪೇಸ್ಟ್ ಸುಣ್ಣದ ಚಕ್ಕೆಯಂತೆ ಉದುರಿತು. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಮುಚ್ಚಿದೆ. ಅದೇ ರೆಂಡರ್, ಈಗ 80 ಡಿಗ್ರಿ. ಕಾಕಾಗೆ ಹೇಳಿ ಸಿಪಿಯು ಕೆಳಗೆ ಎರಡು ಇಟ್ಟಿಗೆ, ಅದರ ಮೇಲೊಂದು ಶಹಾಬಾದ್ ಕಲ್ಲಿನ ತುಂಡು ಇಡಿಸಿದೆ. ನೆಲದ ಹೊಟ್ಟು ನೇರ ಒಳಗೆ ಹೋಗುವುದು ಇದರಿಂದ ಕಡಿಮೆ ಆಗುತ್ತದೆ.

ಕಾರ್ಡ್ ಬೇಕಾದರೆ

ನಾಲ್ಕನೇ ದಿನ ಮಷಿನ್ ಒಯ್ಯಲು ಬಂದಾಗ ಕಾಕಾ ಮತ್ತೆ ಕೇಳಿದರು, "ಕಾರ್ಡ್ ಬ್ಯಾಡೇ ಬ್ಯಾಡ ಅಂತೀಯೇನು?" ಹಾಗೆ ಹೇಳಲಿಲ್ಲ. ನಾಲ್ಕು ಕ್ಯಾಮೆರಾ ಒಟ್ಟಿಗೆ, ಜಾಸ್ತಿ ಎಫೆಕ್ಟ್, ದಿನಾ 4ಕೆ ಅಂತ ಕೆಲಸ ಬೆಳೆದರೆ ಕಾರ್ಡ್ ಬೇಕೇ ಬೇಕು. ಆಗಲೂ ಈ 16 ಜಿಬಿ ರ್‍ಯಾಮ್ ವ್ಯರ್ಥ ಆಗುವುದಿಲ್ಲ. ಕಾರ್ಡ್ ಹಾಕಿದ ದಿನ ಮಾನಿಟರ್ ವೈರ್ ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೆ ಹಾಕಬೇಕು, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ವಾಟ್ ಸಾಕಾ ನೋಡಬೇಕು. ಬಯೋಸ್‌ನಲ್ಲಿ ಎಬೋವ್ 4ಜಿ ಡೀಕೋಡಿಂಗ್ ಮತ್ತು ರೀಸೈಜ್ ಬಾರ್ ಆನ್ ಮಾಡಬಹುದು. ಹಳೇ ಪದ್ಧತಿಯಲ್ಲಿ ಪ್ರೊಸೆಸರ್‌ಗೆ ಕಾರ್ಡ್‌ನ ಮೆಮೊರಿ ಸಾಮಾನ್ಯವಾಗಿ 256 ಎಂಬಿ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ರೀಸೈಜ್ ಬಾರ್ ಆ ಕಿಟಕಿಯನ್ನು ಪೂರ್ತಿ ಬಾಗಿಲು ಮಾಡುತ್ತದೆ. ಅದಕ್ಕೆ ಸಿಎಸ್‌ಎಂ (ಹಳೇ ಪದ್ಧತಿಯಲ್ಲಿ ಬೂಟ್ ಮಾಡಲು ಬಿಡುವ ಸೆಟ್ಟಿಂಗ್) ಆಫ್ ಇರಬೇಕು. ಸಿಎಸ್‌ಎಂ ಆಫ್ ಆದರೆ ವಿಂಡೋಸ್ ಇರುವ ಡಿಸ್ಕ್ ಜಿಪಿಟಿ (ಡಿಸ್ಕ್ ಭಾಗ ಮಾಡುವ ಹೊಸ ಪದ್ಧತಿ) ಇರಲೇಬೇಕು, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ. ಇದನ್ನು ನೋಡದೆ ಸಿಎಸ್‌ಎಂ ಮುಟ್ಟಬೇಡಿ.

ಸದ್ಯಕ್ಕೆ ಖರ್ಚಾದದ್ದು ಒಂದು ಸ್ಟಿಕ್ ರ್‍ಯಾಮ್, ಪೇಸ್ಟ್, ನನ್ನ ಕೂಲಿ. ಮೂರೂ ಮದುವೆಯ ವಿಡಿಯೋ ಆ ವಾರದಲ್ಲೇ ಬೀಗರ ಕೈಸೇರಿದವು.

ಜೂನ್: ಮತ್ತೆ ಅದೇ ಸಂದೇಶ

ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಕಾಕಾ ಫೋನ್. "ತಮ್ಮಾ, ಮತ್ತ ಅದೇ ಬರ್ಲಕತ್ತದ ನೋಡು. ರಾತ್ರಿ ತನಕ ಛಲೋ ಇತ್ತು."

ಸ್ಟುಡಿಯೋಗೇ ಹೋದೆ. ಟಾಸ್ಕ್ ಮ್ಯಾನೇಜರ್: ಡೆಡಿಕೇಟೆಡ್ 0.5. ರ್‍ಯಾಮ್ ವೇಗ 2666. 16 ಜಿಬಿ ಏನೋ ಇತ್ತು. ಆದರೆ ನಾನು ಇಟ್ಟ ಸೆಟ್ಟಿಂಗ್ ಒಂದೂ ಇರಲಿಲ್ಲ, ಟೈಮ್‌ಲೈನ್ ಅನ್ನೂ ಹುಡುಗ ಒಂದು ಆರ್ಡರ್‌ಗೆ 4ಕೆ ಮಾಡಿದ್ದ. ಬಯೋಸ್ ತೆರೆದರೆ ತಾರೀಖು ವರ್ಷಗಳಷ್ಟು ಹಿಂದೆ. ಮೊದಲ ದಿನ ಗಡಿಯಾರ ಹಿಂದೆ ಬಿದ್ದದ್ದು ನೆನಪಾಯಿತು. ಅವತ್ತೇ ಬೋರ್ಡ್ ಮೇಲಿನ ಸೆಲ್ ನೋಡಬೇಕಿತ್ತು.

ಕಾಕಾ ರಾತ್ರಿ ಮನೆಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಒಳ್ಳೆ ಅಭ್ಯಾಸವೇ. ಆದರೆ ಕರೆಂಟ್ ಪೂರ್ತಿ ಇಲ್ಲದಾಗ ಬೋರ್ಡ್‌ನ ಗಡಿಯಾರ ನಡೆಯುವುದು ಆ ನಾಣ್ಯದಂಥ ಸೆಲ್‌ನಿಂದಲೇ. ಈ ಬೋರ್ಡ್‌ನಲ್ಲಿ ಸೆಲ್ ಸತ್ತಾಗ ಸೆಟ್ಟಿಂಗ್‌ಗಳೂ ಆಟೋಗೆ ವಾಪಸ್ ಹೋದವು. ಸಿಆರ್2032, 3 ವೋಲ್ಟ್ ಇರಬೇಕಾದ್ದು. ಮೀಟರ್ ಹಿಡಿದರೆ 2.3. ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ, ಎಕ್ಸ್‌ಎಂಪಿ ಮತ್ತು ಯುಎಂಎ ಮತ್ತೆ ಇಟ್ಟೆ. ಮೇನ್ ಆಫ್ ಮಾಡಿ ಅರ್ಧ ಗಂಟೆ ಚಹಾ ಕುಡಿದು ಬಂದು ಆನ್ ಮಾಡಿದೆವು. ಎಲ್ಲಾ ಹಾಗೇ ಇತ್ತು.

ಆಮೇಲೆ ಒಂದು ಚೀಟಿ ಬರೆದು ಕ್ಯಾಬಿನೆಟ್‌ನ ಪಕ್ಕದ ಬಾಗಿಲಿನ ಒಳಗೆ ಅಂಟಿಸಿದೆ: ಎಕ್ಸ್‌ಎಂಪಿ ಆನ್, 3200. ಯುಎಂಎ ಸ್ಪೆಸಿಫೈಡ್, 2 ಜಿಬಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡೆಡಿಕೇಟೆಡ್ 2.0, ವಿಂಡೋಸ್‌ಗೆ 13.9 ಕಾಣಬೇಕು. ಸೆಲ್ ಹಾಕಿದ ತಿಂಗಳು ಜೂನ್. ಕಾಕಾನ ಮಗ ಅದರ ಫೋಟೋ ತೆಗೆದುಕೊಂಡ. ಕಾಕಾ ಮಾತ್ರ ಇನ್ನೊಂದು ಪ್ರತಿ ಬರೆಸಿಕೊಂಡು, ಮದುವೆ ಆರ್ಡರ್ ಬರೆಯುವ ಕ್ಯಾಲೆಂಡರ್ ಪಕ್ಕದ ಗೋಡೆಗೆ ಹಚ್ಚಿದರು.